ಬೀಡಿನ ಕೈ

ಬೋಲ್ಟು ಇದ್ದಕ್ಕಿದ್ದ ಹಾಗೆ ಹಗುರಾಯಿತು. ಅದುವರೆಗೆ ಅಂಗೈಗೆ ಎದುರಾಗಿ ನಿಂತಿದ್ದ ಸ್ಪ್ಯಾನರಿನ ಹಿಡಿ, ಆ ತುದಿಯಲ್ಲಿ ಹಗ್ಗ ಜಗ್ಗುತ್ತಿದ್ದವರು ಹೇಳದೆ ಕೇಳದೆ ಕೈಬಿಟ್ಟಂತೆ ಸುಮ್ಮನೆ ಮುಂದಕ್ಕೆ ಬಂತು. ಶಬ್ದವೇನೂ ಆಗಲಿಲ್ಲ. ಆಗಿದ್ದರೆ ಚೆನ್ನಾಗಿತ್ತು ಎಂದು ಆಮೇಲೆ ಅವನಿಗೆ ಅನ್ನಿಸಿತು. ಮುರಿಯುವ ವಸ್ತು ಮುರಿಯುವಾಗ ಒಂದು ಮಾತು ಆಡಿಬಿಟ್ಟರೆ ಮನುಷ್ಯ ಅದನ್ನು ಬೈದಾದರೂ ಹಗುರಾಗುತ್ತಾನೆ. ಇದು ಮಾತಾಡಲಿಲ್ಲ. ಬೆಂಚಿನ ಮೇಲೆ ನದಿ ದಾಟಿಸುವ ದೋಣಿಯಜ್ಜನ ಮೋಟಾರು ಮೊದಲಿದ್ದ ಹಾಗೆಯೇ ಕೂತಿತ್ತು. ಅದರ ಅಲ್ಯೂಮಿನಿಯಂ ಮೈ ಬೆಳಗಿನ ಬಿಸಿಲಿಗೆ ಮಂಕಾಗಿ ಹೊಳೆಯುತ್ತಿತ್ತು. ಮೇಲಿನ ಹೆಡ್ಡನ್ನು ಕೆಳಗಿನ ಬ್ಲಾಕಿಗೆ ಕಚ್ಚಿಸಿ ಹಿಡಿಯುವ ಬೋಲ್ಟುಗಳಲ್ಲಿ ಉಳಿದವೆಲ್ಲ ಬಿಗಿಯಾಗಿ ಕೂತು, ಕಡೆಯದೊಂದು ಮಾತ್ರ ತಿರುಗಿಸಿದಷ್ಟೂ ತಿರುಗುತ್ತಿತ್ತು, ಕರೆದಲ್ಲಿಗೆಲ್ಲ ಬರುವ ಮನುಷ್ಯನ ಹಾಗೆ. ಒಳಗೆ ಥ್ರೆಡ್ಡು ಹರಿದಿತ್ತು. ಬ್ಲಾಕಿನ ತೂತಿನೊಳಗೆ ಬೋಲ್ಟನ್ನು ಹಿಡಿದುಕೊಳ್ಳಬೇಕಾದ ಸುತ್ತುಗಳೆಲ್ಲ ಕಿತ್ತುಬಂದಿದ್ದವು. ಅವನು ಸ್ಪ್ಯಾನರನ್ನು ತೆಗೆಯದೆ, ತೆಗೆದರೆ ನಿಜವಾಗಿಬಿಡುತ್ತದೆಂಬಂತೆ, ಹಾಗೇ ಹಿಡಿದು ನಿಂತ.

ಒಳಗಿನ ಕೋಣೆಯಲ್ಲಿ ತಂಗಿಯ ಅರದ ಸದ್ದು ನಿಂತಿತು. ಅವಳಿಗೆ ಹೇಗೆ ತಿಳಿಯಿತು? ಒಂದೊಂದು ಬೋಲ್ಟು ಬಿಗಿದಾಗಲೂ 'ಹ್ಞಾಂ' ಎನ್ನುವುದು ಅವನ ಅಭ್ಯಾಸ. ಅಪ್ಪನದೂ ಅದೇ ಅಭ್ಯಾಸ. ಈ ಕಡೆಯ ಬೋಲ್ಟಿಗೆ 'ಹ್ಞಾಂ' ಬರಲಿಲ್ಲ. ಬರದೆ ಇದ್ದದ್ದನ್ನು ಕೇಳಿಸಿಕೊಳ್ಳುವ ಕಿವಿ ಅವಳದು, ಒಂದೇ ಕಿವಿಯಾದರೂ.

"ಏನಾಯ್ತಣ್ಣ?"

"ಏನಿಲ್ಲ."

"ನೀನು ಏನಿಲ್ಲ ಅಂದ್ರೆ ಏನೋ ಇದೆ ಅಂತ."

ಅವನ ಎಡಗೈ ತನ್ನಷ್ಟಕ್ಕೆ ತಾನೇ ಕಪಾಟಿನ ಕೆಳಗಿನ ಖಾನೆಗೆ ಹೋಯಿತು. ಅಲ್ಲಿ ನಲ್ಲಿಗೆ ಸುತ್ತುವ ಬಿಳಿ ಟೇಪಿನ ಉರುಳೆಯಿತ್ತು, ಪಕ್ಕದಲ್ಲಿ ಅಂಟಿನ ಟ್ಯೂಬಿತ್ತು. ಬೋಲ್ಟಿಗೆ ನಾಲ್ಕು ಸುತ್ತು ಟೇಪು, ಮೇಲೊಂದಿಷ್ಟು ಅಂಟು. ಒಂದು ದಿನ ಆರಲು ಬಿಟ್ಟರೆ ಕೈಗೆ ಬಿಗಿ ಎಂದೇ ಅನ್ನಿಸುತ್ತದೆ. ಆಚೆ ದಡ ಮುಟ್ಟುವವರೆಗೆ ನಿಂತೀತು. ಎರಡು ಸಲ ಮುಟ್ಟುವವರೆಗೂ ನಿಂತೀತು. ಆಮೇಲೆ ಒಂದು ದಿನ ನಡುನೀರಿನಲ್ಲಿ ಹೆಡ್ಡಿನ ಸಂದಿಯಿಂದ ಬುಸ್ಸೆಂದು ಹೊಗೆ ಬಂದರೆ, 'ಹಳೇ ಮೋಟಾರು ಅಜ್ಜ, ಅದಕ್ಕೂ ವಯಸ್ಸಾಯ್ತು' ಎಂದರಾಯಿತು. ಈ ಯೋಚನೆ ಎಷ್ಟು ಸಲೀಸಾಗಿ, ಸಾಲುಸಾಲಾಗಿ, ಮೊದಲೇ ಬಾಯಿಪಾಠ ಆಗಿದ್ದಂತೆ ಬಂತೆಂದರೆ ಅವನಿಗೆ ತನ್ನ ಬಗ್ಗೆಯೇ ಹೇಸಿಗೆಯಾಯಿತು. ಕಿಟಕಿಯಾಚೆ ನದಿ. ಅಲ್ಲಿ ಅಜ್ಜ ಹುಟ್ಟು ಹಾಕುತ್ತಿದ್ದ. ಮೋಟಾರು ಇಲ್ಲಿ ಬಿದ್ದಿರುವ ದಿನವೆಲ್ಲ ಅವನ ಹೆಗಲೇ ಮೋಟಾರು. ಪ್ರತಿ ಎಳೆತಕ್ಕೂ ಬಲ ಭುಜ ಒಂದು ಕ್ಷಣ ತಡೆದು, ನೋವನ್ನು ದಾಟಿಸಿಕೊಂಡು, ಆಮೇಲೆ ಮುಂದಕ್ಕೆ ಹೋಗುವುದು ಇಷ್ಟು ದೂರಕ್ಕೂ ಕಾಣುತ್ತಿತ್ತು. ದೋಣಿಯಲ್ಲಿ ಆಚೆ ದಡದ ಆಸ್ಪತ್ರೆಗೆ ಹೋಗುವ ಇಬ್ಬರು ದಾದಿಯರು ಬಿಳಿ ಛತ್ರಿ ಹಿಡಿದು ಕೂತಿದ್ದರು. ದೋಣಿ ಮುಂದೆ ಹೋಗುತ್ತಿದೆಯೋ, ನದಿಯೇ ಹಿಂದಕ್ಕೆ ಹೋಗುತ್ತಿದೆಯೋ ಹೇಳುವಂತಿರಲಿಲ್ಲ.

ಸ್ಪ್ಯಾನರು ಹಿಡಿದು ನಿಂತ ಅವನನ್ನು ಊರೆಲ್ಲ ಬೀಡಣ್ಣ ಎನ್ನುತ್ತಿತ್ತು. ಅವನ ಕೈ ಬೀಡಿನ ಮೇಲೆ ಬೆಳೆದ ಕೈ. ಎರಕದ ಕಬ್ಬಿಣದ ಗಿರಣಿಗಳು, ಹಳೆಯ ಪಂಪುಗಳು, ಹೊತ್ತರೆ ಸೊಂಟ ಮುರಿಯುವ ಲೇತುಗಳು: ಅಪ್ಪನ ಕಾಲದಲ್ಲಿ ಅಂಗಡಿಗೆ ಬರುತ್ತಿದ್ದದ್ದೆಲ್ಲ ಬೀಡೇ. ಬೀಡಿಗೆ ಬೋಲ್ಟು ಬಿಗಿಯುವಾಗ ಅದು ಎಲ್ಲಿ ಸಾಕು ಅನ್ನುತ್ತದೋ ಅಲ್ಲಿ ಗಕ್ಕನೆ ನಿಲ್ಲುತ್ತದೆ, ಗೋಡೆಗೆ ಹಣೆ ತಾಗಿದಂತೆ. ಆ ನಿಲುಗಡೆಯನ್ನು ಮುಂಗೈ, ಮೊಣಕೈ, ಹೆಗಲು ಎಲ್ಲ ಒಟ್ಟಿಗೆ ಕಲಿತಿದ್ದವು. ಅಲ್ಯೂಮಿನಿಯಂ ಹಾಗಲ್ಲ. ಅದು ಸಾಕು ಎನ್ನುವುದು ಮೆತ್ತಗೆ. ಸ್ಪ್ಯಾನರಿನ ತುದಿಯಲ್ಲಿ ಒಂದು ಸಣ್ಣ ಮೆದುತನ ಬರುತ್ತದೆ. ಬೀಡಿನ ಕೈಗೆ ಅದು 'ಇನ್ನೂ ಕೂತಿಲ್ಲ, ಇನ್ನೊಂಚೂರು ಬಾ' ಎಂದು ಕೇಳಿಸುತ್ತದೆ. ನಿಜವಾಗಿ ಅದು ಸೋಲುತ್ತಿರುತ್ತದೆ. ಸೋಲುವವರು ಮೆತ್ತಗಾಗುವುದನ್ನು ಜಾಗ ಬಿಟ್ಟುಕೊಟ್ಟರು ಎಂದು ತಿಳಿದು ಇನ್ನೊಂಚೂರು ಒತ್ತುವುದು. ಇನ್ನೊಂಚೂರು. ಅದು ಅವನ ಮಾತೇ ಆಗಿಹೋಗಿತ್ತು. ಗಿರಾಕಿಗಳು ಅವನನ್ನು ಅಣಕಿಸುವಾಗಲೂ ಅದನ್ನೇ ಅನ್ನುತ್ತಿದ್ದರು. ತಂಗಿ ಗಂಡನ ಮನೆ ಬಿಟ್ಟು ಬಂದ ದಿನ ಅವಳಿಗೂ ಅವನು ಅದನ್ನೇ ಹೇಳಿದ್ದ: 'ಇನ್ನೊಂದು ಸಲ ಹೋಗಿ ನೋಡು ಗುಬ್ಬಿ, ಇನ್ನೊಂಚೂರು ಹೊಂದಿಕೊಂಡು ನೋಡು.' ಆಗ ತಂಗಿ ಇದೇ ಹೊಸ್ತಿಲಲ್ಲಿ ಪೆಟ್ಟಿಗೆ ಹಿಡಿದು ನಿಂತಿದ್ದಳು. ಏನೂ ಹೇಳಿರಲಿಲ್ಲ. ಅವಳು ಹೇಳಲಿಲ್ಲವಲ್ಲ, ಹಾಗಾದರೆ ಅಂಥದ್ದೇನೂ ಇರಲಾರದು ಎಂದುಕೊಂಡು ಅವನು ತಾನೇ ಪೆಟ್ಟಿಗೆ ಎತ್ತಿಕೊಂಡು ಬಸ್ಸಿನವರೆಗೆ ಹೋಗಿ, ಸೀಟು ಹಿಡಿದು ಕೊಟ್ಟು, ಕಿಟಕಿಯಿಂದ ಕಿತ್ತಳೆ ಹಣ್ಣು ಕೊಟ್ಟು ಬಂದಿದ್ದ. ಮುಂದಿನ ಸಲ ಅವಳು ಬಂದಾಗ ಪೆಟ್ಟಿಗೆ ಇರಲಿಲ್ಲ, ಎಡಗಿವಿ ಕೇಳಿಸುತ್ತಿರಲಿಲ್ಲ.

"ಸರಿ, ಪಕ್ಕಕ್ಕೆ ಸರಿ," ಎಂದಳು ತಂಗಿ. ಯಾವಾಗ ಎದ್ದು ಬಂದಳೋ, ಕೈಯಲ್ಲಿ ಒರೆಸುವ ಬಟ್ಟೆಯಿತ್ತು. ಅವನ ಕೈಯಲ್ಲಿದ್ದ ಟೇಪಿನ ಉರುಳೆಯನ್ನು ನೋಡಿದಳು, ನೋಡಲಿಲ್ಲವೆಂಬಂತೆ ಬಾಗಿ, ಬೋಲ್ಟನ್ನು ಎರಡೇ ಬೆರಳಿನಲ್ಲಿ ತಿರುಗಿಸುತ್ತ ಹೊರಗೆಳೆದಳು. ಬೋಲ್ಟಿನ ಮೈಗೆ ಬೆಳ್ಳಿಯ ದಾರ ಸುತ್ತಿಕೊಂಡು ಬಂತು: ಬ್ಲಾಕಿನ ಥ್ರೆಡ್ಡು, ಒಂದು ಸುತ್ತೂ ಬಿಡದೆ.

"ಅಬ್ಬಾ, ಬೇರು ಸಮೇತ ಕಿತ್ತಿದ್ದೀಯ. ಕಳೆ ಕೀಳೋರಿಗೂ ಇಷ್ಟು ಚೆನ್ನಾಗಿ ಬರಲ್ಲ."

"ಈ ಬ್ಲಾಕು ಈಗೆಲ್ಲೂ ಸಿಗಲ್ಲ ಗುಬ್ಬಿ. ಈ ಮೋಟಾರು ಮಾಡೋದು ನಿಲ್ಲಿಸಿ ಎಷ್ಟೋ ಕಾಲ ಆಯ್ತು."

"ಗೊತ್ತು."

"ಅಜ್ಜ ನನ್ನ ನಂಬಿ..."

"ಗೊತ್ತಣ್ಣ. ಹೆಡ್ಡು ಬಿಚ್ಚು. ಅಳೋಕೆ ಆಮೇಲೂ ಟೈಮಿದೆ."

ಹೆಡ್ಡು ಬಿಚ್ಚುವಾಗ ಅವನ ಕೈಗೆ ಒಂದು ವಿಧೇಯತೆ ಬಂದಿತ್ತು, ಶಾಲೆಯಲ್ಲಿ ಹೊಡೆತ ತಿಂದ ಮೇಲೆ ಅಕ್ಷರ ದುಂಡಗಾಗುವ ಹಾಗೆ. ಬ್ಲಾಕನ್ನು ಇಬ್ಬರೂ ಸೇರಿ ಒಳಗಿನ ಕೋಣೆಗೆ ಎತ್ತಿಕೊಂಡು ಹೋದರು. ಒಳಕೋಣೆ ಅಪ್ಪನದಾಗಿತ್ತು, ಈಗ ಅವಳದು. ಗೋಡೆಯಲ್ಲಿ ಉಪಕರಣಗಳು ತಮ್ಮ ತಮ್ಮ ಮೊಳೆಗೆ ನೇತುಬಿದ್ದಿದ್ದವು, ಒಂದು ಮೂಲೆಯಲ್ಲಿ ಅವಳು ಆಸೆಪಟ್ಟು ತಂದ ಟಾರ್ಕ್ ರೆಂಚು: ಎಷ್ಟು ಬಿಗಿ ಬೇಕೋ ಅಷ್ಟಕ್ಕೆ ಹೊಂದಿಸಿಟ್ಟರೆ ಅಲ್ಲಿಗೆ ಬಂದಾಗ 'ಟಿಕ್' ಎನ್ನುವ ಉದ್ದನೆಯ ಹಿಡಿ. ಅದು ಬಂದ ದಿನ ಅವನು ಗಿರಾಕಿಗಳ ಎದುರಿಗೆ, "ನನ್ನ ಕೈಗೆ ಗಡಿಯಾರ ಕಟ್ಟೋಕೆ ಬಂದಿದ್ದಾಳೆ ನೋಡ್ರಪ್ಪ," ಎಂದಿದ್ದ, ಎಲ್ಲರೂ ನಕ್ಕಿದ್ದರು, ಅವಳೂ ನಕ್ಕಿದ್ದಳು. ಅವಳ ಆ ನಗು ಈಗ ಯಾಕೋ ನೆನಪಾಗಿ, ಅದು ನಗುವೇ ಆಗಿತ್ತೇ ಎಂದು ಅನುಮಾನವಾಯಿತು.

ಅವಳು ಬ್ಲಾಕನ್ನು ಡ್ರಿಲ್ಲಿನ ಕಟ್ಟೆಯ ಮೇಲೆ ಕೂರಿಸಿ, ಕೆಳಗೊಂದು ಕಾಗದದ ತುಂಡು, ಇಲ್ಲೊಂದು ತಗಡಿನ ಚೂರು ತುರುಕಿ, ಸಣ್ಣ ಮೂಲೆಮಟ್ಟ ಹಿಡಿದು ನೋಡಿ, ಮತ್ತೆ ಕಾಗದ ತೆಗೆದು, ಮತ್ತೆ ನೋಡಿದಳು. ಎಳೆಮಗುವಿನ ತಲೆಗೆ ದಿಂಬು ಸರಿಮಾಡುವವರು ಹೀಗೆ ಮಾಡುತ್ತಾರೆ. ಆಮೇಲೆ ತಂತಿಯ ಕಡ್ಡಿಯನ್ನು ತೂತಿನೊಳಗಿಳಿಸಿ ಆಳ ನೋಡಿದಳು. ಪಕ್ಕದ ನೀರಿನ ಕಂಡಿಯೊಳಗೆ ಇನ್ನೊಂದು ಕಡ್ಡಿಯನ್ನು ಬಗ್ಗಿಸಿ ತೂರಿಸಿ, ಕಣ್ಣು ಮುಚ್ಚಿ, ಬೆರಳಲ್ಲೇ ತಡಕಿದಳು.

"ತೂತಿನ ಬುಡಕ್ಕೂ ನೀರಿನ ದಾರಿಗೂ ನಡುವೆ ಉಗುರಿನಷ್ಟು ದಪ್ಪ ಇದೆ, ಅಷ್ಟೆ. ಮೋಟಾರು ತಂಪಾಗೋಕೆ ಬರೋ ನೀರು ಅಲ್ಲೇ ಹೋಗುತ್ತೆ. ಅಲ್ಲಿಗೆ ಡ್ರಿಲ್ ತಾಗಿದ್ರೆ ಅಜ್ಜನ ಮೋಟಾರಿಗೆ ತಿಥಿ ಮಾಡ್ಬೇಕು."

"ಹಾಗಾದ್ರೆ ಬೇಡ. ಬೇರೆ ಏನಾದ್ರೂ..."

"ಬೇರೆ ಏನು? ಟೇಪಾ?"

ಅವನ ಮುಖ ಬಿಸಿಯಾಯಿತು. ಅವಳು ತನ್ನ ಡಬ್ಬಿಯಿಂದ ಒಂದು ಸಣ್ಣ ಸ್ಪ್ರಿಂಗಿನಂಥದನ್ನು ತೆಗೆದು ಅವನ ಅಂಗೈಗೆ ಹಾಕಿದಳು. ಉಕ್ಕಿನ ತಂತಿಯ ಸುರುಳಿ. ಒಳಗಿನಿಂದ ನೋಡಿದರೆ ಥ್ರೆಡ್ಡು, ಹೊರಗಿನಿಂದ ನೋಡಿದರೂ ಥ್ರೆಡ್ಡು. ಹರಿದ ತೂತನ್ನು ಕೊರೆದು ದೊಡ್ಡದು ಮಾಡಬೇಕು, ಅದಕ್ಕೆ ಹೊಸ ಸುತ್ತು ಕಡಿಯಬೇಕು, ಆ ಸುತ್ತಿನೊಳಗೆ ಈ ಸುರುಳಿಯನ್ನು ಹೂಡಬೇಕು. ಆಮೇಲೆ ಬೋಲ್ಟು ಹಿಡಿಯುವುದು ಅಲ್ಯೂಮಿನಿಯಮ್ಮನ್ನಲ್ಲ, ಉಕ್ಕನ್ನು. ಅವನು ಇದನ್ನೆಲ್ಲ ಬಲ್ಲ, ಅವಳು ಮಾಡುವುದನ್ನು ನೂರು ಸಲ ಬಾಗಿಲಲ್ಲಿ ಹಾಯುವಾಗ ಕಂಡಿದ್ದಾನೆ. ಕಂಡಿದ್ದಾನೆ, ನೋಡಿಲ್ಲ. ಈಗ ಪಕ್ಕದಲ್ಲಿ ನಿಂತು, ಹೇಳಿದ್ದನ್ನು ಎತ್ತಿಕೊಡುವವನಾಗಿ ನೋಡುತ್ತಿದ್ದರೆ, ಗುಡಿಯ ಹೊರಗೆ ಇಡೀ ಆಯುಷ್ಯ ಚಪ್ಪಲಿ ಕಾದವನು ಒಂದು ದಿನ ಒಳಗೆ ಬಂದಂತೆ ಅನ್ನಿಸಿತು. ಹಾಳಾದದ್ದನ್ನು ಸರಿಮಾಡುವುದಕ್ಕೆ ಇನ್ನಷ್ಟು ತೆಗೆಯಬೇಕಲ್ಲ ಎಂಬುದು ಅವನನ್ನು ಮೊದಲ ಸಲ ಹೆದರಿಸಿತು.

ಡ್ರಿಲ್ಲಿನ ಮೂತಿಗೆ ಅವಳು ಬಣ್ಣದ ಟೇಪು ಸುತ್ತಿ ಆಳದ ಗುರುತು ಮಾಡಿಕೊಂಡಳು, ಸುತ್ತಿನ ಸಂದಿಗೆ ಗ್ರೀಸು ಮೆತ್ತಿದಳು. ಪುಡಿ ಒಳಗೆ ಬೀಳದೆ ಅಂಟಿಕೊಂಡು ಬರಲಿ ಎಂದು. ಯಂತ್ರ ತಿರುಗತೊಡಗಿತು. ಸೀಮೆಎಣ್ಣೆಯ ಹನಿ, ಅಲ್ಯೂಮಿನಿಯಂ ಪುಡಿ, ಮತ್ತೆ ಹನಿ. ಅವಳು ಡ್ರಿಲ್ಲನ್ನು ಒಂದೇ ಸಮ ಇಳಿಸುತ್ತಿರಲಿಲ್ಲ. ಒಂದಿಷ್ಟು ಇಳಿಸಿ, ಎತ್ತಿ, ಒರೆಸಿ, ಬೆಳಕಿಗೆ ಬಾಗಿ ನೋಡಿ, ಮತ್ತೆ ಇಳಿಸುತ್ತಿದ್ದಳು. ಮೇಲೆತ್ತಿದ ಪ್ರತಿಸಲವೂ ಅವನು ತಡೆದಿದ್ದ ಉಸಿರು ಬಿಡುತ್ತಿದ್ದ. ಟೇಪಿನ ಗುರುತು ತೂತಿನ ಬಾಯಿಗೆ ಇನ್ನೇನು ತಾಗಬೇಕು, ಅಷ್ಟರಲ್ಲಿ ಅವಳು ನಿಲ್ಲಿಸಿದಳು.

"ಇನ್ನೊಂಚೂರು ಹೋಗಬಹುದು," ಎಂದಿತು ಅವನ ಬಾಯಿ. ಅವನಲ್ಲ, ಬಾಯಿ. ಗುರುತಿಗೂ ಬಾಯಿಗೂ ನಡುವೆ ಕೂದಲೆಳೆಯಷ್ಟು ಜಾಗ ಕಂಡದ್ದೇ ತಡ, ಅದು ತಾನಾಗಿ ಹೊರಬಿತ್ತು.

ಅವಳು ತಲೆಯೆತ್ತಿದಳು. ಯಂತ್ರ ತಿರುಗುತ್ತಲೇ ಇತ್ತು.

"ಇಲ್ಲ," ಎಂದಳು.

ಅಷ್ಟೇ. ಸಿಟ್ಟಿರಲಿಲ್ಲ, ಎತ್ತರದ ದನಿಯೂ ಅಲ್ಲ. ನೀರಿದೆಯಾ ಎಂದು ಕೇಳಿದರೆ ಇಲ್ಲ ಎನ್ನುವ ಹಾಗೆ. ಆದರೂ ಅವನಿಗೆ ಗೋಡೆಗೆ ಹಣೆ ತಾಗಿದ ಹಾಗಾಯಿತು. ಎಷ್ಟೋ ಕಾಲದ ಮೇಲೆ, ಬೀಡಿಗೆ ಬೋಲ್ಟು ಕೂತಾಗ ಆಗುತ್ತಿತ್ತಲ್ಲ ಆ ಗಟ್ಟಿತನ. ಇವಳು ಇದನ್ನು ಮೊದಲೇ ಹೇಳಿದ್ದರೆ? ಹೊಸ್ತಿಲಲ್ಲಿ ಪೆಟ್ಟಿಗೆ ಹಿಡಿದು ನಿಂತಿದ್ದಾಗ ಈ ಒಂದು ಮಾತು ಅಂದಿದ್ದರೆ? ಹೀಗೆ ಕೇಳಿಕೊಂಡ ಮರುಕ್ಷಣವೇ ನಾಚಿಕೆಯಾಯಿತು. ಹೇಳದೆ ಇದ್ದದ್ದನ್ನೂ ಕೇಳಿಸಿಕೊಳ್ಳುವ ಕಿವಿ ಅವಳಿಗಿತ್ತು; ಎರಡು ನೆಟ್ಟಗಿನ ಕಿವಿ ಇಟ್ಟುಕೊಂಡು ತಾನೇನು ಕೇಳಿಸಿಕೊಂಡಿದ್ದ?

ಯಂತ್ರ ನಿಲ್ಲಿಸಿ ಅವಳು ತೂತನ್ನು ಗಾಳಿ ಊದಿ ಚೊಕ್ಕ ಮಾಡಿದಳು. ಆಮೇಲೆ ಅದರೊಳಗೆ ಬಾಯಿಮಟ್ಟ ಸೀಮೆಎಣ್ಣೆ ಹನಿಸಿದಳು. "ನೋಡ್ತಿರು," ಎಂದಳು. ಕೆಳಗೆ ಕಣ್ಣಿಗೆ ಕಾಣದ ಬಿರುಕು ಬಿಟ್ಟಿದ್ದರೂ ಎಣ್ಣೆ ಇಳಿಯುತ್ತದೆ. ಇಬ್ಬರೂ ತಲೆಗೆ ತಲೆ ತಾಗುವಷ್ಟು ಬಾಗಿ ಆ ಪುಟ್ಟ ದುಂಡು ಕನ್ನಡಿಯನ್ನು ನೋಡುತ್ತ ನಿಂತರು. ಅದರಲ್ಲಿ ಕಿಟಕಿ ಇತ್ತು, ಕಿಟಕಿಯಲ್ಲಿ ಆಕಾಶವಿತ್ತು, ಅಂಚಿನಲ್ಲಿ ಅವನ ಮೂಗು ದೊಡ್ಡದಾಗಿ ಕಂಡಿತು. ಚಿಕ್ಕಂದಿನಲ್ಲಿ ಇಬ್ಬರೂ ಹೀಗೆ ಬಾವಿಗೆ ಬಾಗಿ ನಿಂತಾಗ ಅಮ್ಮ ಹಿಂದಿನಿಂದ ಇಬ್ಬರ ಬಟ್ಟೆಯನ್ನೂ ಹಿಡಿದುಕೊಳ್ಳುತ್ತಿದ್ದಳು. ಎಣ್ಣೆ ಇಳಿಯಲಿಲ್ಲ. ದೇವರೇ, ಎಂದುಕೊಂಡ, ಮೋಟಾರಿಗಾಗಿ ದೇವರನ್ನು ಕರೆಯಬಾರದು ಎಂದೇನೂ ಇಲ್ಲವಲ್ಲ. ಇಳಿಯಲಿಲ್ಲ. ಅವಳ ಎಡಗಡೆ ನಿಂತಿದ್ದ ಅವನು, "ನಂದೇ ತಪ್ಪು ಗುಬ್ಬಿ," ಎಂದ, ಮೆಲ್ಲಗೆ.

ಅವಳು ಎಣ್ಣೆಯನ್ನೇ ನೋಡುತ್ತಿದ್ದಳು. ಅವಳಿಗೆ ಕೇಳಿಸಿರಲಿಲ್ಲ. ಕೇಳಿಸುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಇಷ್ಟು ವರ್ಷಗಳಿಂದ ಹೇಳಬೇಕಾದದ್ದನ್ನೆಲ್ಲ ಅವನು ಹೇಳುತ್ತ ಬಂದದ್ದು ಅವಳ ಎಡಗಡೆ ನಿಂತೇ.

"ಗಟ್ಟಿಯಾಗಿದೆ," ಎಂದು ಅವಳು ನೆಟ್ಟಗಾದಳು. "ಈಗ ಟ್ಯಾಪ್ ಹೊಡೀಬೇಕು. ಅಣ್ಣ, ಅಮ್ಮನ ಪದ್ಯ ನೆನಪಿದೆಯಾ?"

"ಯಾಕೆ?"

"ಹೇಳು. ಬೇರೆ ತೂತಾದ್ರೆ ನಾನು ಮನಸ್ಸಿನಲ್ಲೇ ಹೇಳ್ಕೊಂಡು ಮಾಡಿಬಿಡ್ತೀನಿ. ಇದು ಬುಡ ತೆಳು. ನಾನೇ ಹೇಳಿ ನಾನೇ ತಿರುಗಿಸಿದ್ರೆ ನನ್ನ ಭಯಕ್ಕೆ ತಕ್ಕ ಹಾಗೆ ಪದ್ಯ ಓಡುತ್ತೆ. ಅಪ್ಪ ಯಾವತ್ತಾದ್ರೂ ತಾನೇ ಹೇಳ್ಕೊಂಡು ಟ್ಯಾಪ್ ಹೊಡೆದಿದ್ದಾನಾ?"

ಇಲ್ಲ. ಅಮ್ಮ ಮನೆಗೂ ಅಂಗಡಿಗೂ ನಡುವಿನ ಹೊಸ್ತಿಲ ಮೇಲೆ ಮೊರ ಇಟ್ಟುಕೊಂಡು ಕಾಳು ಆರಿಸುತ್ತ ಹೇಳುತ್ತಿದ್ದಳು. ಅಪ್ಪ ಒಳಗೆ ಟ್ಯಾಪನ್ನು ತಿರುಗಿಸುತ್ತಿದ್ದ. ಟ್ಯಾಪೆಂದರೆ ಥ್ರೆಡ್ಡು ಕಡಿಯುವ ಉಕ್ಕಿನ ಕಡ್ಡಿ; ಮುಂದಕ್ಕೆ ತಿರುಗಿದಾಗ ಕಡಿಯುತ್ತದೆ, ಒಂದಿಷ್ಟು ಹಿಂದಕ್ಕೆ ತಿರುಗಿಸದಿದ್ದರೆ ಕಡಿದ ಪುಡಿ ಸಿಕ್ಕಿಕೊಂಡು ಹೊಸ ಸುತ್ತನ್ನೇ ಕೆಡಿಸುತ್ತದೆ. ಎಷ್ಟು ಮುಂದೆ, ಯಾವಾಗ ಹಿಂದೆ? ಸಾಲಿಡೀ ಮುಂದಕ್ಕೆ, ಸಾಲು ಮುಗಿದಲ್ಲಿ ಹಿಂದಕ್ಕೆ. ಎರಡು ಗಿಡ್ಡ ಸಾಲು, ಒಂದು ಉದ್ದ. ಮತ್ತೆ ಎರಡು ಗಿಡ್ಡ, ಒಂದು ಉದ್ದ. ಉದ್ದ ಸಾಲಿನ ತುದಿಯಲ್ಲಿ ಅಮ್ಮ ಉಸಿರು ಎಳೆದುಕೊಳ್ಳುವಾಗ ಅಪ್ಪನ ಕೈ ಕಾಯುತ್ತಿತ್ತು. ಪದ್ಯದ ಕೊನೆಗೆ ದೇವರ ಹೆಸರು ಬಂದಾಗ ಟ್ಯಾಪನ್ನು ಪೂರ್ತಿ ಹೊರತೆಗೆದು, ಒರೆಸಿ, ಹಣೆಗೆ ಒತ್ತಿಕೊಂಡು, ಎಣ್ಣೆ ಹಚ್ಚಿ ಮತ್ತೆ ಇಳಿಸುತ್ತಿದ್ದ. ಆ ಮನೆಯಲ್ಲಿ ಕಡಿದ ತೂತುಗಳಿಗೆಲ್ಲ ದೇವರ ಹೆಸರು ತಾಗಿಯೇ ಇತ್ತು. ಅವನು ಆಗ ಹೊರಗಿನ ಅಂಗಡಿಯಲ್ಲಿ ದೊಡ್ಡ ಬೋಲ್ಟುಗಳ ಜೊತೆ ಗುದ್ದಾಡುತ್ತ, ಪದ್ಯದ ಮಾತುಗಳನ್ನೆಲ್ಲ ಕಲಿತಿದ್ದ. ತಂಗಿ ಅಪ್ಪನ ಪಕ್ಕ ಮಣೆಯ ಮೇಲೆ ಕೂತು, ನಿಲ್ಲಿಸುವ ಜಾಗಗಳನ್ನು ಕಲಿತಿದ್ದಳು.

"ಬಲಗಡೆ ಬಾ. ಅಲ್ಲಿ ನಿಂತು ಹೇಳಿದ್ರೆ ಗೋಡೆಗೆ ಹೇಳಿದ ಹಾಗೆ," ಎಂದಳು.

ಅವನು ಬಲಗಡೆಗೆ ಹೋದ. ಗಂಟಲು ಸರಿಮಾಡಿಕೊಂಡು ಶುರುಮಾಡಿದ. ಬಿಲ್ಲನ್ನು ಕೆಳಗಿಟ್ಟು ಕೂತ ವೀರನ ಪದ್ಯ. ಮಾತುಗಳು ಬಂದವು, ಒಂದಾದರೂ ಮರೆತಿರಲಿಲ್ಲ. ಆದರೆ ಒಂದರ ಬಾಲ ಒಂದು ಕಚ್ಚಿಕೊಂಡು, ಬಾಗಿಲು ತೆರೆದ ದೊಡ್ಡಿಯಿಂದ ಕುರಿಗಳು ನುಗ್ಗಿದ ಹಾಗೆ ಬಂದವು.

"ಓಡಬೇಡ, ಓಡಬೇಡ. ಯಾವ ಬಸ್ಸು ಹಿಡೀಬೇಕು ನೀನು?" ಎಂದಳು ಅವಳು ಟ್ಯಾಪನ್ನು ನಿಲ್ಲಿಸಿ. ಬಸ್ಸೆಂಬ ಮಾತಿಗೆ ಅವನಿಗೆ ಅಂದು ಕಿಟಕಿಯಿಂದ ಕೊಟ್ಟ ಕಿತ್ತಳೆ ಹಣ್ಣು ನೆನಪಾಯಿತು. ಅವಳು ಅದನ್ನು ಎಣಿಸಿ ಆಡಿದ್ದಲ್ಲ. "ಸಾಲು ಮುಗೀತು ಅಂದ್ರೆ ಮುಗೀತು. ಅಲ್ಲಿ ನಿಂತ್ಕೋ. ನಾನು ಹಿಂದಕ್ಕೆ ತಿರುಗಿಸಿದ ಮೇಲೆ ಮುಂದಿನದು."

ಮತ್ತೆ ಮೊದಲಿನಿಂದ. ಈ ಸಲ ಅವನು ಅವಳ ಮಣಿಕಟ್ಟನ್ನು ನೋಡುತ್ತ ಹೇಳಿದ. ಸಾಲಿನ ಜೊತೆ ಅದು ಮುಂದಕ್ಕೆ ಹೋಗುತ್ತಿತ್ತು, ಸಾಲಿನ ಅಂಚಿಗೆ ಬಂದು ನಿಲ್ಲುತ್ತಿತ್ತು, ಹಿಂದಕ್ಕೆ ಬರುತ್ತಿತ್ತು. ಹಿಂದಕ್ಕೆ ಬಂದಾಗ ಒಳಗೆ ಪುಡಿ ಮುರಿದ ಸಣ್ಣ ಸದ್ದು, ಒಣಗಿದ ಎಲೆಯ ಮೇಲೆ ಇರುವೆ ನಡೆದಷ್ಟು. ಅವನಿಗೆ ಅದು ಕೇಳಿಸಿತು. ಹೀಗೆ ಕೇಳಿಸುತ್ತದೆಂದೇ ಅವನಿಗೆ ತಿಳಿದಿರಲಿಲ್ಲ. ಎಣ್ಣೆ ಹತ್ತಿದ ಅವಳ ಬೆರಳುಗಳು ಟ್ಯಾಪಿನ ಹಿಡಿಯ ಎರಡು ತುದಿಗಳಲ್ಲಿ ಎಷ್ಟು ಹಗುರವಾಗಿ ಕೂತಿದ್ದವೆಂದರೆ, ಟ್ಯಾಪು ತಾನೇ ದಾರಿ ಕೇಳಿಕೊಂಡು ಹೋಗುತ್ತಿದೆ, ಅವು ಬರೇ ಜೊತೆಗೆ ನಡೆಯುತ್ತಿವೆ ಎಂಬಂತಿತ್ತು. ಒತ್ತಾಯವಿಲ್ಲದ ಬಲ. ಅಂಥ ಒಂದು ಬಲವಿದೆಯೆಂದು, ಅದು ತನ್ನ ಮನೆಯಲ್ಲೇ, ತನ್ನ ಒಳಕೋಣೆಯಲ್ಲೇ ದಿನವೂ ದುಡಿಯುತ್ತಿತ್ತೆಂದು ತಿಳಿದು ಅವನು ಮುಂದಿನ ಸಾಲನ್ನು ಇನ್ನೂ ನಿಧಾನಕ್ಕೆ ಹೇಳಿದ. ಅಮ್ಮ ಎಲ್ಲಿ ದನಿ ಏರಿಸುತ್ತಿದ್ದಳೋ ಅಲ್ಲಿ ಅವನದೂ ಏರಿತು. ಎರಡನೆಯ ಉದ್ದ ಸಾಲಿನ ಕೊನೆಗೆ ದೇವರ ಹೆಸರು ಬಂತು. ಅವಳು ಟ್ಯಾಪನ್ನು ಹೊರತೆಗೆದು, ಒರೆಸಿ, ಹಣೆಗೆ ಒತ್ತಿಕೊಂಡಳು. ಹಣೆಯ ಮೇಲೆ ಎಣ್ಣೆಯ ಕಪ್ಪು ಬೊಟ್ಟು ನಿಂತಿತು.

"ಇನ್ನೊಂದು ಪದ್ಯ," ಎಂದಳು.

ಸುರುಳಿಯನ್ನು ಹೂಡಿದ್ದು ಆಮೇಲೆ. ಅದು ಒಳಗಿಳಿಯುವುದು ನೋಡಲು ಏನೂ ಅಲ್ಲ: ಒಂದು ಕಡ್ಡಿಯ ತುದಿಗೆ ಸಿಕ್ಕಿಸಿ ತಿರುಗಿಸುತ್ತ ಹೋದರೆ ಸುತ್ತಿನೊಳಗೆ ಸುತ್ತು ಸೇರಿಕೊಂಡು ತೂತಿನ ಬಾಯಿಗಿಂತ ತುಸು ಕೆಳಗೆ ಮಾಯವಾಗುತ್ತದೆ. ತುದಿಯಲ್ಲಿ ಹಿಡಿತಕ್ಕೆಂದು ಬಿಟ್ಟಿದ್ದ ಬಾಲವನ್ನು ಅವಳು ಒಂದೇ ಏಟಿಗೆ ಮುರಿದು, ಗ್ರೀಸು ಹಚ್ಚಿದ ಕಡ್ಡಿಗೆ ಅಂಟಿಸಿಕೊಂಡು ಹೊರತಂದು, ಇದ್ದದ್ದಕ್ಕೆ ಸಾಕ್ಷಿ ಎಂಬಂತೆ ಅವನ ಅಂಗೈಗೆ ಹಾಕಿದಳು. ಅವನು ಬೋಲ್ಟನ್ನು ಬೆರಳಿನಲ್ಲಿ ತಿರುಗಿಸಿ ನೋಡಿದ. ಹಾಲಿನಲ್ಲಿ ಚಮಚ ಇಳಿದಂತೆ ಇಳಿಯಿತು, ತಡೆಯಿಲ್ಲ, ಅಲುಗಾಟವಿಲ್ಲ.

"ಹೊಸದಕ್ಕಿಂತ ಗಟ್ಟಿಯಾಯ್ತಲ್ಲ ಗುಬ್ಬಿ!" ಎಂದ. ಹೇಳುವಾಗ ಬ್ಲಾಕಿನ ಬಗ್ಗೆಯೇ ಹೇಳಿದ್ದ; ಹೇಳಿ ಮುಗಿಸುವಷ್ಟರಲ್ಲಿ ಬೇರೆಯದಕ್ಕೂ ಅದು ಅನ್ವಯಿಸಲಿ ಎಂಬ ಆಸೆ ಹುಟ್ಟಿಕೊಂಡಿತು. ಕೆಟ್ಟದ್ದರಿಂದಲೇ ಒಳ್ಳೆಯದಾಯಿತು ಎಂದು ಅವಳು ಒಂದು ಮಾತು ಅಂದುಬಿಟ್ಟರೆ ಇಷ್ಟು ವರ್ಷದ ಭಾರ ಇಳಿದೀತು.

ಅವಳು ಕೈ ಒರೆಸಿಕೊಳ್ಳುತ್ತಿದ್ದಳು. "ಗಟ್ಟಿ ಇರೋದು ಉಕ್ಕು ಅಣ್ಣ, ಅಲ್ಯೂಮಿನಿಯಂ ಅಲ್ಲ. ಅದರಲ್ಲಿ ಹೋದದ್ದು ಹೋಯ್ತು. ವಾಪಸ್ ಬರಲ್ಲ," ಎಂದಳು. ಸ್ವಲ್ಪ ತಡೆದು, "ಕೆಲಸ ಮಾಡುತ್ತೆ, ಅಷ್ಟೆ. ಚೆನ್ನಾಗಿ ಮಾಡುತ್ತೆ," ಎಂದಳು.

ಬಿಸಿಲು ಇಳಿಯುವ ಹೊತ್ತಿಗೆ ಸಂದಿ ಮುಚ್ಚುವ ಹೊಸ ಗ್ಯಾಸ್ಕೆಟ್ಟು ಹಾಸಿ ಹೆಡ್ಡು ಕೂರಿಸಿದ್ದರು. ತಂಗಿ ಬೋಲ್ಟುಗಳನ್ನು ಎದುರುಬದುರಾಗಿ, ಒಂದಿಷ್ಟು ಇದಕ್ಕೆ, ಒಂದಿಷ್ಟು ಅದಕ್ಕೆ ಎಂದು, ಪಂಕ್ತಿಯಲ್ಲಿ ಬಡಿಸುವವರ ಹಾಗೆ ಬಿಗಿಯುತ್ತ ಬಂದಿದ್ದಳು. ಸುರುಳಿಯ ತೂತಿನದು ಮಾತ್ರ ಉಳಿದಿತ್ತು. ಅಷ್ಟರಲ್ಲಿ ದೋಣಿಯಜ್ಜ ಬಂದ. ಬಲ ಭುಜವನ್ನು ಎಡಗೈಯಿಂದ ಹಿಡಿದುಕೊಂಡೇ ಒಳಗೆ ಬಂದು, ಖಾಲಿ ಡಬ್ಬದ ಮೇಲೆ ಕೂತ.

"ಏನಪ್ಪಾ ಬೀಡಣ್ಣ, ನನ್ನ ಮೋಟಾರಿಗೆ ಜೀವ ಬಂತೋ, ಇಲ್ಲ ನಾನೇ ಹೊರಡೋದೋ?"

"ಬಂದಿದೆ ಅಜ್ಜ," ಎಂದಳು ತಂಗಿ. "ಒಂದು ತೂತು ಹಳೇದಾಗಿ ಸವೆದಿತ್ತು, ಅದಕ್ಕೆ..."

"ಸವೆದಿರಲಿಲ್ಲ," ಎಂದ ಅವನು. "ನಾನು ಹರಿದೆ. ಬೆಳಿಗ್ಗೆ. ಜಾಸ್ತಿ ಬಿಗಿದುಬಿಟ್ಟೆ. ಇವಳು ಸರಿಮಾಡಿದ್ದಾಳೆ."

ಅಜ್ಜ ಅವನ ಮುಖ ನೋಡಿದ, ಮೋಟಾರು ನೋಡಿದ, ಹೆಡ್ಡಿನಿಂದ ತಲೆಯೆತ್ತಿ ನಿಂತಿದ್ದ ಒಂದೇ ಒಂದು ಬೋಲ್ಟನ್ನು ನೋಡಿದ. ನದಿಯನ್ನೇ ನೋಡಿ ನೋಡಿ ಪಳಗಿದ ಕಣ್ಣು. ಅದಕ್ಕೆ ಎಲ್ಲಿ ಆಳ, ಎಲ್ಲಿ ಮರಳು ಎಂದು ಬೇಗ ತಿಳಿಯುತ್ತಿತ್ತು.

"ಹಾಗಾದ್ರೆ ಅದನ್ನೂ ಅವಳೇ ಬಿಗೀಲಿ ಬಿಡಪ್ಪ," ಎಂದ, ಯಾವ ಕಹಿಯೂ ಇಲ್ಲದೆ. "ನನಗೂ ವಯಸ್ಸಾಯ್ತು. ನಡುನೀರಲ್ಲಿ ಈಜೋಕೆ ಆಗಲ್ಲ."

ಬೀಡಣ್ಣನ ಕೈಯೇ ಬೇಕು ಎಂದು ಹಟ ಹಿಡಿದು ಕೂರುತ್ತಿದ್ದ ಗಿರಾಕಿ ಇದೇ ಅಜ್ಜ. ಅವನು ತಲೆಯಾಡಿಸಿ ಹಿಂದೆ ಸರಿದ. ನೋವಾಯಿತು; ಆದರೆ ಟೇಪಿನ ಉರುಳೆ ಹಿಡಿದಿದ್ದ ಬೆಳಗಿನ ಆ ಹೇಸಿಗೆಯ ಪಕ್ಕದಲ್ಲಿ ಈ ನೋವು ತೊಳೆದಿಟ್ಟ ಪಾತ್ರೆಯ ಹಾಗಿತ್ತು. ತಂಗಿ ಸ್ಪ್ಯಾನರನ್ನು ತೆಗೆದುಕೊಂಡಳು. ಅದನ್ನು ಬೋಲ್ಟಿಗೆ ಹಾಕಲಿಲ್ಲ, ಅವನ ಕಡೆಗೆ ಚಾಚಿದಳು.

"ನೀನೇ."

"ಬೇಡ ಗುಬ್ಬಿ. ಅಜ್ಜ ಹೇಳಿದ್ದು ಸರಿ."

"ಅಜ್ಜ ಹೇಳಿದ್ದು ಅಜ್ಜನಿಗೆ ಸರಿ. ನನ್ನ ಥ್ರೆಡ್ಡು, ನಾನು ಹೇಳ್ತೀನಿ. ಹಿಡಿ."

"ಹಾಗಾದ್ರೆ ಆ ಟಿಕ್ಕು ಕೊಡು."

"ಅದು ಆಮೇಲೆ. ಮೊದಲು ಕೈ."

ಅಜ್ಜ ಡಬ್ಬದ ಮೇಲೆ ಮಿಸುಕಾಡಿದ. "ಅಮ್ಮಾ ತಾಯಿ, ನಿಮ್ಮ ಅಣ್ಣತಂಗಿ ಆಟಕ್ಕೆ ನನ್ನ ಮೋಟಾರೇ ಬೇಕಿತ್ತಾ?" ಎಂದ; ಆದರೆ ಎದ್ದು ತಡೆಯಲಿಲ್ಲ.

ಅವನು ಸ್ಪ್ಯಾನರನ್ನು ಬೋಲ್ಟಿಗೆ ಕೂರಿಸಿದ. ಎಳೆದ. ಬೋಲ್ಟು ಹೆಡ್ಡಿಗೆ ತಾಗಿತು. ಇನ್ನಷ್ಟು ಎಳೆದ. ಕೈಯೊಳಗೆ ಬಿಗಿ ಏರುತ್ತ ಬಂತು, ಮೊಣಕೈಗೆ, ಹೆಗಲಿಗೆ. ಬೀಡಿನ ಗೋಡೆಗಾಗಿ ಹೆಗಲು ಕಾಯುತ್ತಿತ್ತು, ಹಳೆಯ ನಾಯಿ ಸತ್ತ ಯಜಮಾನನಿಗೆ ಬಾಗಿಲಲ್ಲಿ ಕಾಯುವ ಹಾಗೆ. ಗೋಡೆ ಬರುವುದಿಲ್ಲ, ಗೊತ್ತಿತ್ತು. ಬಾಯೊಳಗೆ, ತುಟಿ ಅಲ್ಲಾಡದೆ, ಪದ್ಯ ಶುರುವಾಗಿತ್ತು. ಗಿಡ್ಡ ಸಾಲು. ಗಿಡ್ಡ ಸಾಲು. ಉದ್ದ ಸಾಲು ಏರಿತು, ಅದರ ಜೊತೆಗೆ ಸ್ಪ್ಯಾನರು ಬಂತು, ಸಾಲು ಅಂಚಿಗೆ ಬಂತು, ಮತ್ತು ಅಲ್ಲಿ, ಸದ್ದಿಲ್ಲದ ಆ ಅಂಚಿನಲ್ಲಿ, ಅವನಿಗೆ ಗುರುತಾದ ಏನೋ ಒಂದು ಕೇಳಿಸಿತು, ಕಿವಿಗಲ್ಲ, ಕೈಗೆ. ಬಾ ಎನ್ನುತ್ತಿಲ್ಲ ಅದು. ಅವನು ನಿಂತ. ಇಡೀ ಮೈ ಇನ್ನೊಂಚೂರು ಎಂದು ಮುಂದಕ್ಕೆ ವಾಲಿತ್ತು, ಕೈ ನಿಂತಿತ್ತು. 'ಹ್ಞಾಂ' ಬರಲಿಲ್ಲ. ಅದು ಬೇಕೆಂದೂ ಅನ್ನಿಸಲಿಲ್ಲ.

ತಂಗಿ ಮೊಳೆಯಿಂದ ಟಾರ್ಕ್ ರೆಂಚನ್ನು ತಂದಳು. ಅದರ ಗುಟ್ಟು ಇಬ್ಬರಿಗೂ ಗೊತ್ತಿತ್ತು. ಬೋಲ್ಟು ಸರಿಯಾಗಿ ಬಿಗಿದಿದ್ದರೂ ಅದು ಅಲುಗಾಡದೆ ಟಿಕ್ ಎನ್ನುತ್ತದೆ. ಮಿತಿ ಮೀರಿದ್ದರೂ ಅಲುಗಾಡದೆ ಟಿಕ್ ಎನ್ನುತ್ತದೆ. ಮೀರಿದವನನ್ನು ಅದು ಹಿಡಿದುಕೊಡುವುದಿಲ್ಲ. ಬಿಗಿ ಕಡಿಮೆಯಿದ್ದರೆ ಮಾತ್ರ ಮೊದಲು ಒಂದಿಷ್ಟು ತಿರುಗಿ, ಆಮೇಲೆ ಟಿಕ್ ಎನ್ನುತ್ತದೆ. ಈಗ ಅದು ಅಲುಗಾಡದೆ ಟಿಕ್ ಎಂದುಬಿಟ್ಟರೆ ಅಜ್ಜ ನಕ್ಕು ಮೋಟಾರು ಹೊರಿಸಿಕೊಂಡು ಹೋಗುತ್ತಾನೆ, ಯಾರಿಗೂ ಏನೂ ತಿಳಿಯುವುದಿಲ್ಲ, ಅವನಿಗೂ ಎಂದೆಂದಿಗೂ ತಿಳಿಯುವುದಿಲ್ಲ. ಅವಳು ರೆಂಚನ್ನು ಬೋಲ್ಟಿಗೆ ಹಾಕಿದಳು. ಎರಡು ಕೈಯಿಂದ ಹಿಡಿದು, ಬಲಗಿವಿಯನ್ನು ಅದರ ಕಡೆಗೆ ಬಾಗಿಸಿ, ಎಳೆದಳು.

ಬ್ಲಾಕಿನ ಅಂಚಿಗೆ ಬೀಳುತ್ತಿದ್ದ ರೆಂಚಿನ ನೆರಳು ಸರಿಯಿತು. ಒಂದು ಉಗುರಿನ ಅಗಲದಷ್ಟು. ಬೋಲ್ಟು ಅವಳ ಕೈಯಲ್ಲಿ ತಿರುಗುತ್ತಿತ್ತು. ಆಮೇಲೆ ಟಿಕ್.

ಅವಳು ಬಾಗಿದ ತಲೆಯನ್ನು ಎತ್ತಲಿಲ್ಲ.

"ಒಂಚೂರು ಉಳಿಸಿದ್ದೆ," ಎಂದಳು.

"ಹೂಂ."

"ನೀನು. ಉಳಿಸಿದ್ದೆ."

ಅಜ್ಜ ಇಬ್ಬರನ್ನೂ ನೋಡಿ, ಇದರಲ್ಲಿ ಅಂಥದ್ದೇನಿದೆ ಎಂದು ತಿಳಿಯದೆ, ಮೋಟಾರು ಹೊರಲು ಯಾರನ್ನಾದರೂ ಕರೆದು ತರುತ್ತೇನೆಂದು ಎದ್ದು ಹೊರಗೆ ಹೋದ. ಅವನ ಹೆಜ್ಜೆ ನದಿಯ ಕಡೆಗೆ ಇಳಿಯುವುದು ಕೇಳಿಸಿತು. ಅಂಗಡಿಯಲ್ಲಿ ಸೀಮೆಎಣ್ಣೆಯ ವಾಸನೆ, ಸಂಜೆಯ ಬೆಳಕು. ತಂಗಿ ರೆಂಚನ್ನು ಒರೆಸುತ್ತಿದ್ದಳು, ಹಣೆಯ ಮೇಲೆ ಆ ಕಪ್ಪು ಬೊಟ್ಟು ಹಾಗೇ ಇತ್ತು. ಅವನು ಅವಳ ಎಡಗಡೆ ನಿಂತಿದ್ದ, ಯಾವಾಗಲೂ ನಿಲ್ಲುವ ಜಾಗದಲ್ಲಿ. ಹೇಳಬೇಕಾದ ಮಾತು ಬಾಯಿಗೆ ಬಂದಿತ್ತು. ಅದಕ್ಕೆ ಈ ಕಡೆಯ ಅಭ್ಯಾಸವಿತ್ತು. ಅವನು ಅದನ್ನು ಬಾಯಲ್ಲೇ ತಡೆದು ಹಿಡಿದುಕೊಂಡು, ಬೆಂಚನ್ನು ಸುತ್ತಿ, ಅವಳ ಬಲಗಡೆಗೆ ಬಂದು ನಿಂತ.